ಮನೇಲಿ ಕೇಳಿ ಹೇಳ್ತೀನಿ

20 ಆಗಸ್ಟ್ 2025, ಬುಧವಾರ
ತುಮಕೂರು

ಬರೋ ಮಂಗಳವಾರ ಗೌರಿ ಹಬ್ಬ. ಬಾಗಿನಕ್ಕೆ ಅಂತ ರವಿಕೆ ಕಣ ಕತ್ತರಿಸಿ ಕತ್ತರಿಸಿ ಹೆಬ್ಬೆರಳಲ್ಲಿ ಬೊಬ್ಬೆ ಬಂದಿದೆ. ಇಂಥ ವಾರದಲ್ಲಿ ನಾನು ಬರೆಯಲು ಕೂರುವವನಲ್ಲ. ಆದರೆ ನಿನ್ನೆಯ ಸಿಟ್ಟು ರಾತ್ರಿ ನಿದ್ದೆ ಮಾಡಿದರೂ ಇಳಿದಿಲ್ಲ.

ನಿನ್ನೆ ಬೆಳಿಗ್ಗೆ ಹನ್ನೊಂದರ ಹೊತ್ತು. ಸೂರತ್‌ನಿಂದ ಬರಬೇಕಾದ ಪಾರ್ಸೆಲ್ ಮೂರು ದಿನದಿಂದ ಬಂದಿರಲಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನವರೇ ಇರಬೇಕು ಅಂತ ಗೊತ್ತಿಲ್ಲದ ನಂಬರ್ ಎತ್ತಿದೆ. ಗೊತ್ತಿಲ್ಲದ ನಂಬರ್ ಎತ್ತಲೇಬಾರದು ಅಂತ ಮಗಳು ದಿನಾ ಹೇಳುತ್ತಾಳೆ. ಅಂಗಡಿ ಇಟ್ಟುಕೊಂಡವನಿಗೆ ಅದು ಆಗುವ ಮಾತಾ?

ಟ್ರಾನ್ಸ್‌ಪೋರ್ಟ್‌ನವರಲ್ಲ. ಒಬ್ಬ ಹುಡುಗ, ನನ್ನ ಪೂರ್ತಿ ಹೆಸರು ಹಿಡಿದು ಮಾತಾಡಿಸಿದ. "ಸರ್, ಮಾರ್ಚ್‌ನಲ್ಲಿ ಮೈಸೂರಿನ ನಮ್ಮ ಹೋಟೆಲ್‌ನಲ್ಲಿ ಉಳಿದಿದ್ರಿ ಅಲ್ವಾ?" ಹೌದು, ಉಳಿದಿದ್ದೆವು. ಷಡ್ಡಕನ ಮಗಳ ಮದುವೆಗೆ ಹೋದಾಗ, ಛತ್ರದಲ್ಲಿ ಜಾಗ ಸಾಲದೆ, ಒಂದೇ ಒಂದು ರಾತ್ರಿ. ದೊಡ್ಡ ಹೆಸರಿನ ಹೋಟೆಲು, ದೇಶದ ತುಂಬಾ ಶಾಖೆಗಳಿವೆ. ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿ ದೂರು ಅವರಿಗೇ ಕಳಿಸಿದ್ದೇನೆ, ಅಷ್ಟು ಸಾಕು.

ಹುಡುಗ ಶುರು ಮಾಡಿದ. ಆಯ್ದ ಕೆಲವರಿಗೆ ಮಾತ್ರ ಮೆಂಬರ್‌ಶಿಪ್ ಕೊಡ್ತಿದ್ದಾರಂತೆ. ವರ್ಷಕ್ಕೆ 9,999 ರೂಪಾಯಿ. ಒಂದು ರಾತ್ರಿ ಉಚಿತ, ಇಬ್ಬರು ಊಟಕ್ಕೆ ಹೋದರೆ ಬಿಲ್ಲಿನಲ್ಲಿ ಅರ್ಧ ಮಾಫಿ. "ನಿಮ್ಮ ಹೋಟೆಲು ತುಮಕೂರಲ್ಲಿ ಇಲ್ವಲ್ಲಪ್ಪ" ಅಂದೆ. "ಬೆಂಗಳೂರು ಪಕ್ಕದಲ್ಲೇ ಇದೆ ಸರ್" ಅಂದ. ಅರ್ಧ ರೇಟಿನ ಊಟಕ್ಕೆ ಎಪ್ಪತ್ತು ಕಿಲೋಮೀಟರ್! ಇಲ್ಲೇ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದಕ್ಕೇ ನಮ್ಮ ಮನೆಯಲ್ಲಿ ಭಾನುವಾರದ ತನಕ ಕಾಯಬೇಕು.

ಬೇಡ ಅಂದೆ. ಕೇಳಿಸಲೇ ಇಲ್ಲವೇನೋ ಅನ್ನುವ ಹಾಗೆ "ನಿಮ್ಮದು ಯಾವ ಬ್ಯಾಂಕ್ ಕಾರ್ಡ್ ಸರ್?" ಅಂದ. ಗಿರಾಕಿ ಇದ್ದಾರೆ, ಆಮೇಲೆ ಮಾಡು ಅಂದೆ. ಈ ಆಫರ್ ಈ ಕಾಲ್‌ನಲ್ಲಿ ಮಾತ್ರ, ಫೋನ್ ಇಟ್ಟರೆ ಹೋಯಿತು ಅಂದ. ಕಡೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ: "ಮನೇಲಿ ಕೇಳಿ ಹೇಳ್ತೀನಿ."

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ಇಪ್ಪತ್ತಾರು ವರ್ಷದಿಂದ ಬಟ್ಟೆ ವ್ಯಾಪಾರ ಮಾಡುತ್ತಿದ್ದೇನೆ. ಗಿರಾಕಿ ಮುಂದೆ ಮೂವತ್ತು ಸೀರೆ ಬಿಚ್ಚಿ, ಸೆರಗು ಹರಡಿ, ಬೆಳಕಿಗೆ ಹಿಡಿದು ತೋರಿಸಿರುತ್ತೇವೆ. ಅವರು ಎದ್ದು "ಮನೇಲಿ ಕೇಳ್ಕೊಂಡು ಬರ್ತೀವಿ" ಅನ್ನುತ್ತಾರೆ. ಅರ್ಧಕ್ಕರ್ಧ ಜನ ಬರುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ "ಆಯ್ತಮ್ಮ, ಬನ್ನಿ" ಅಂತ ಕಳಿಸಿ, ಮೂವತ್ತು ಸೀರೆ ಮಡಚಿ ಇಡುತ್ತೇವೆ. ಬೋಣಿ ಆಗದ ದಿನವೂ ಅಷ್ಟೇ. ನಾನೇನು ಸಾಧು ಅಲ್ಲ. ಕೊನೇ ಪೀಸ್ ಅಂತ ಸುಳ್ಳು ಹೇಳಿದ್ದುಂಟು. ಆದರೆ ಆ ಮಾತು ಬಂದ ಮೇಲೆ ಯಾರನ್ನೂ ಬಾಗಿಲಲ್ಲಿ ಅಡ್ಡ ಹಾಕಿಲ್ಲ.

ಆ ಹುಡುಗ ಅಡ್ಡ ಹಾಕಿದ. "ಹತ್ತು ಸಾವಿರಕ್ಕೆಲ್ಲ ಮನೇಲಿ ಕೇಳ್ಬೇಕಾ ಸರ್? ಮೇಡಂಗೆ ಸರ್‌ಪ್ರೈಸ್ ಕೊಡಿ" ಅಂದು ನಕ್ಕ. ಆಮೇಲೆ "ಲೈನ್‌ನಲ್ಲಿರಿ, ನಮ್ಮ ಸೀನಿಯರ್ ಮಾತಾಡ್ತಾರೆ" ಅಂತ ಒಬ್ಬಾಕೆಗೆ ಕೊಟ್ಟ. ಆಕೆಯ ದನಿಯಲ್ಲಿ ನಗುವೇ ಇಲ್ಲ. ಇಷ್ಟು ಹೊತ್ತು ಮಾತಾಡಿ ಈಗ ಬೇಡ ಅಂದರೆ ಹೇಗೆ, ನಿಮ್ಮ ಹೆಸರಲ್ಲಿ ಬ್ಲಾಕ್ ಮಾಡಿ ಆಗಿದೆ ಅಂತ ನನಗೇ ದಬಾಯಿಸಿದಳು. ಹೇಳಲು ನಾಚಿಕೆಯಾಗುತ್ತದೆ, ಕಾರ್ಡ್ ತೆಗೆದು ನಂಬರ್ ಓದಿಬಿಟ್ಟೆ. ಹಿಂದೆ ಇದ್ದ ಮೂರು ಅಂಕೆಯನ್ನೂ ಹೇಳಿದೆ. ಫೋನ್ ಇಟ್ಟರೆ ಸಾಕಾಗಿತ್ತು ಆ ಹೊತ್ತಿಗೆ.

ಒಟಿಪಿ ಬಂತು. ಕನ್ನಡಕ ಏರಿಸಿ ನೋಡಿದರೆ ಮೊತ್ತ 11,798 ರೂಪಾಯಿ 82 ಪೈಸೆ! ಶೇ. 18 ಜಿಎಸ್‌ಟಿ. ಅರ್ಧ ಗಂಟೆಯ ಮಾತಿನಲ್ಲಿ ಆ ಪದ ಒಂದು ಸಲವೂ ಬಂದಿರಲಿಲ್ಲ. ತಿಂಗಳು ತಿಂಗಳು ರಿಟರ್ನ್ಸ್ ಹಾಕುವವನಿಗೆ ತೆರಿಗೆ ಬಚ್ಚಿಟ್ಟು ರೇಟು ಹೇಳುತ್ತಾರಲ್ಲ! "ಬೇಗ ಹೇಳಿ ಸರ್, ಟೈಮ್ ಮುಗಿಯುತ್ತೆ" ಅಂತ ಆ ಕಡೆಯಿಂದ ಒಂದೇ ಸಮ. ನಾನು "ನೋಡಮ್ಮ, ಸ್ವಲ್ಪ ತಾಳು, ದಯವಿಟ್ಟು" ಅಂತ ಗೋಗರೆಯುತ್ತಿದ್ದೆ.

ಎದುರಿಗೆ ಗುಬ್ಬಿ ಕಡೆಯ ಒಬ್ಬ ಅಜ್ಜಿ ಮೊಳಕಾಲ್ಮೂರು ಸೀರೆ ತೊಡೆ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದರು. ಮೆಲ್ಲಗೆ ಕೇಳಿದರು, "ಸಾಲ ಕೊಟ್ಟೋರಾ ಮಗ?"

ಫೋನ್ ಕಟ್ ಮಾಡಿದೆ.

ಒಡನೆ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದೆ. ಇದು ಮೋಸದ ಗುಂಪೇ ಇರಬೇಕು ಅಂದುಕೊಂಡು ಮೈಸೂರಿನ ಹೋಟೆಲ್‌ಗೂ ಮಾಡಿದೆ. ರಿಸೆಪ್ಷನ್‌ನ ಹುಡುಗಿ ಬಹಳ ಮರ್ಯಾದೆಯಿಂದ, "ಮೆಂಬರ್‌ಶಿಪ್ ನಮ್ಮದೇ ಸರ್, ಆದರೆ ಮಾರೋದು ಬೇರೆ ಕಂಪನಿ" ಅಂದಳು. ಹಾಗಾದರೆ ಹೆಸರು ನಿಮ್ಮದು, ಬಾಯಿ ಅವರದ್ದಾ ಅಂದೆ. ಮೇಲ್ ಹಾಕಿ ಸರ್ ಅಂದಳು. ಅವಳನ್ನು ಬೈದು ಏನು ಪ್ರಯೋಜನ.

ರಾತ್ರಿ ಮಗಳು, ನಾನು ಕೂತು ಮೇಲ್ ಬರೆದೆವು. ನನ್ನ ಮೊದಲ ಪ್ರತಿಯಲ್ಲಿ ಬೈಗುಳ ಜಾಸ್ತಿ ಇತ್ತು. ಅವಳು ಅದನ್ನೆಲ್ಲ ಹೊಡೆದು ಹಾಕಿ, ಕರೆ ಬಂದ ದಿನ, ಗಂಟೆ, ನಂಬರ್, ಅವರು ಹೇಳಿಕೊಂಡ ಹೆಸರು, ಆಡಿದ ಮಾತು, ಹೇಳಿದ ಮೊತ್ತ, ಒಟಿಪಿಯಲ್ಲಿ ಬಂದ ಮೊತ್ತ ಇಷ್ಟನ್ನೇ ಉಳಿಸಿದಳು. ಕೇಳಿದ್ದು ಇಷ್ಟು: ರೂಮಿಗೆ ಅಂತ ಕೊಟ್ಟ ನನ್ನ ನಂಬರ್ ಬೇರೆ ಕಂಪನಿಗೆ ಹೇಗೆ ಹೋಯಿತು, ಅದನ್ನು ಎರಡೂ ಕಡೆ ಅಳಿಸಿ, ಅಳಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ. ಅವತ್ತು ಕೌಂಟರ್‌ನಲ್ಲಿ ತುಂಬಿದ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿತ್ತೋ ನಾನು ಓದಿಲ್ಲ. ಒಪ್ಪಿಗೆ ಅಂತ ಟಿಕ್ ಆಗಿದ್ದರೆ ಡಿಎನ್‌ಡಿ (ಜಾಹೀರಾತಿನ ಕರೆ ಬೇಡ ಅಂತ ಮಾಡಿಸುವ ನೋಂದಣಿ) ಇದ್ದರೂ ಇಂಥ ಕರೆ ಬರಬಹುದಂತೆ. ಅದಕ್ಕೆ "ಅಂಥ ಒಪ್ಪಿಗೆ ಇದ್ದರೆ ಇವತ್ತಿಗೆ ವಾಪಸ್" ಅಂತಲೂ ಒಂದು ಸಾಲು ಸೇರಿಸಿದೆವು.

ಬೇಡದ ಜಾಹೀರಾತು ಕರೆಗಳ ದೂರಿಗೆ ಅಂತಲೇ ಇರುವ 1909ಕ್ಕೂ ದೂರು ಹೋಯಿತು. ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಿಂದ ಬರಬೇಕು, ಇದು ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರ್. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈ ಫೆಬ್ರವರಿಯಲ್ಲಿ ಫೋನ್ ಕಂಪನಿಗಳನ್ನು ನಿಯಂತ್ರಿಸುವ ಟ್ರಾಯ್‌ನವರು ಅದನ್ನು ಏಳು ದಿನ ಮಾಡಿದ್ದಾರೆ. START 0 ಅನ್ನುವುದನ್ನೂ ಅದೇ 1909ಕ್ಕೆ ಮೆಸೇಜ್ ಮಾಡಿ ಎಲ್ಲಾ ಜಾಹೀರಾತು ನಿಲ್ಲಿಸಿದೆ. ಹೋಟೆಲಿನವರು ಉತ್ತರ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಕನ್ನಡದಲ್ಲೇ ಹೇಳಬಹುದು. ದುಡ್ಡು ಹೋಗಿಲ್ಲವಾದ್ದರಿಂದ ಗ್ರಾಹಕ ಆಯೋಗದ ಮೆಟ್ಟಿಲು ಹತ್ತುವ ಮಾತಿಲ್ಲ.

ಮಗಳು ಇನ್ನೊಂದು ತೋರಿಸಿದಳು. ಆನ್‌ಲೈನ್ ವ್ಯಾಪಾರದಲ್ಲಿ ಗಿರಾಕಿಯನ್ನು ಸಿಕ್ಕಿಸುವ 13 ಕುತಂತ್ರಗಳನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿ ಮಾಡಿದೆ. ಮೊದಲನೆಯದೇ ಸುಳ್ಳು ಅವಸರ. ಬೇಡ ಅಂದವನಿಗೆ ನಾಚಿಕೆ ಹುಟ್ಟಿಸುವುದೂ ಅದರಲ್ಲಿದೆ. ಓದುತ್ತಾ ಹೋದರೆ ಆ ಹುಡುಗನೇ ಕಿವಿಯಲ್ಲಿ ಮಾತಾಡಿದ ಹಾಗಾಯಿತು. ಪಾಪ, ಅವನಿಗೂ ಯಾರೋ ಟಾರ್ಗೆಟ್ ಕೊಟ್ಟು ಕೂರಿಸಿರುತ್ತಾರೆ. ಅದಕ್ಕೇ ದೂರಿನಲ್ಲಿ ಅವನ ಮೇಲೆ ಕ್ರಮ ತಗೊಳ್ಳಿ ಅಂತ ಬರೆಯಲಿಲ್ಲ, ಅವನ ಕೈಗೆ ಆ ಮಾತುಗಳನ್ನು ಬರೆದುಕೊಟ್ಟವರು ಯಾರು ಅಂತ ಕೇಳಿದ್ದೇನೆ.

ಹೆಂಡತಿಗೆ ಎಲ್ಲ ಹೇಳಿದೆ. "ನನ್ನ ಕೇಳಿದ್ರೆ ನಾನೇನು ಹೂಂ ಅಂತಿದ್ನಾ ರೀ?" ಅಂದಳು.

ಹೋಟೆಲಿನಿಂದ ಇವತ್ತು ಬೆಳಿಗ್ಗೆ ಒಂದು ಮೇಲ್ ಬಂದಿದೆ. ನಿಮ್ಮ ಅನಿಸಿಕೆಗೆ ಧನ್ಯವಾದ, ಪರಿಶೀಲಿಸುತ್ತೇವೆ ಅಂತ. ಮೆಷಿನ್ ಕಳಿಸಿದ್ದು ಅನ್ನೋದು ಓದಿದರೇ ಗೊತ್ತಾಗುತ್ತದೆ.

ಸಂಜೆ ಆರರ ಹೊತ್ತಿಗೆ ಆ ಗುಬ್ಬಿ ಅಜ್ಜಿ ಸೊಸೆಯನ್ನು ಕರೆದುಕೊಂಡು ಬಂದರು. ನಿನ್ನೆ ಸೀರೆ ಮಡಚಿ ಕೈಗೆ ಕೊಟ್ಟು, ಸೊಸೆಗೆ ತೋರಿಸಬೇಕು ಅಂತ ಹೋಗಿದ್ದರು. ಅದೇ ಸೀರೆ ತೆಗೆದುಕೊಂಡರು, ಬಾಗಿನಕ್ಕೆ ಐದು ಕಣ ಬೇರೆ. ದುಡ್ಡು ಎಣಿಸಿ ಗಲ್ಲಾದ ಮೇಲೆ ಇಡುತ್ತಾ ಕೇಳಿದರು, "ಸಾಲ ತೀರ್ತಾ ಮಗ?"