ವಿಟಮಿನ್ ಡಿ 14 ಬಂದರೆ ಮಗು ಆಗುವುದಿಲ್ಲವಾ?

ಈ ಪ್ರಶ್ನೆಯನ್ನು ಕೌಂಟರಿನ ಆಚೆ ನಿಂತು ಎಷ್ಟು ಹೆಂಗಸರು ನನ್ನ ಹತ್ತಿರ ಕೇಳಿದ್ದಾರೋ ಲೆಕ್ಕವಿಲ್ಲ. ನಾನು ಮಂಗಳೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ತ ತೆಗೆಯುವುದು, ಮೆಷಿನ್‌ಗೆ ಹಾಕುವುದು, ರಿಪೋರ್ಟ್ ಕೊಡುವುದು ನನ್ನ ಕೆಲಸ. ಆದರೆ ರಿಪೋರ್ಟ್ ಬಿಡಿಸಿ ನೋಡುವಾಗ ಅವರ ಎದುರಿಗೆ ಇರುವವಳು ನಾನು. ಡಾಕ್ಟರ್ ಸಿಗುವುದು ಸಂಜೆ, ಇಲ್ಲವೇ ಮುಂದಿನ ವಾರ. ಅಲ್ಲಿಯವರೆಗೆ ಆ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬಂದ ಒಂದು ನಂಬರು ಅವರ ನಿದ್ದೆ ಕೆಡಿಸುತ್ತದೆ.

ಮಕ್ಕಳಾಗಲು ಚಿಕಿತ್ಸೆ ಪಡೆಯುವವರ ಚೀಟಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಎಂಎಚ್, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಶುಗರ್, ಕೊನೆಗೆ ವಿಟಮಿನ್ ಡಿ. ಉಳಿದ ಹೆಸರುಗಳು ಯಾರಿಗೂ ಅರ್ಥವಾಗುವುದಿಲ್ಲ. ವಿಟಮಿನ್ ಡಿ ಮಾತ್ರ ಎಲ್ಲರಿಗೂ ಗೊತ್ತು. ಬಿಸಿಲಿನಿಂದ ಸಿಗುತ್ತದೆ ಅಂತ ಶಾಲೆಯಲ್ಲೇ ಕಲಿತಿದ್ದೇವಲ್ಲ. ಹಾಗಾಗಿ ಅದು ಕಡಿಮೆ ಬಂದರೆ ತಪ್ಪು ಆ ಹೆಂಗಸಿನದ್ದೇ ಅಂತ ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ಒಮ್ಮೆ ಒಬ್ಬರು ಅತ್ತೆ ನನ್ನ ಎದುರಿಗೇ ಸೊಸೆಗೆ ಹೇಳಿದರು, "ನಾನು ಹೇಳ್ಲಿಲ್ವಾ, ಯಾವಾಗ ನೋಡಿದ್ರೂ ಒಳಗೇ ಕೂತಿರ್ತಿ ಅಂತ? ಈಗ ನೋಡು." ಆ ಹುಡುಗಿ ಏನೂ ಮಾತಾಡಲಿಲ್ಲ. ರಿಪೋರ್ಟನ್ನು ಮಡಚಿ, ಮತ್ತೆ ಮಡಚಿ, ಬೆರಳಷ್ಟು ಸಣ್ಣ ಮಾಡಿ ಬ್ಯಾಗಿನ ಒಳಗೆ ತುರುಕಿದಳು. ನನಗೆ ತುಂಬಾ ಸಂಕಟವಾಯಿತು. ಅವತ್ತಿನಿಂದ ಇದನ್ನು ಬರೆಯಬೇಕು ಅಂತಲೇ ಇದ್ದೆ.

ಮೊದಲು ಆ ನಂಬರು ಏನು ಅಂತ ಹೇಳುತ್ತೇನೆ. ಹಳದಿ ಮುಚ್ಚಳದ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆಯುತ್ತೇವೆ. ಅದರ ತಳದಲ್ಲಿ ಜೆಲ್ ಇರುತ್ತದೆ. ಅರ್ಧ ಗಂಟೆ ಹಾಗೇ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ಭಾಗ ಕೆಳಗೆ ಕೂತು, ಜೆಲ್‌ನ ಮೇಲೆ ತಿಳಿ ಹಳದಿ ಸೀರಂ ನಿಲ್ಲುತ್ತದೆ. ಟೆಸ್ಟ್ ಆಗುವುದು ಅದರಲ್ಲಿ. ನಾವು ಅಳೆಯುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. ಬಿಸಿಲಿನಿಂದ ಅಥವಾ ಊಟದಿಂದ ಬಂದ ವಿಟಮಿನ್ ಡಿಯನ್ನು ಲಿವರ್ ಈ ರೂಪಕ್ಕೆ ತಿರುಗಿಸುತ್ತದೆ. ಇದು ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ನಿನ್ನೆ ಬಿಸಿಲಲ್ಲಿ ನಿಂತದ್ದು ಇವತ್ತಿನ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಯೂ ಇಲ್ಲ.

ನಮ್ಮಲ್ಲಿ ರಿಪೋರ್ಟ್ ಕೊಡುವುದು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ. 20ಕ್ಕಿಂತ ಕೆಳಗೆ ಕೊರತೆ, 20ರಿಂದ 30 ಸಾಲದು, 30ರ ಮೇಲೆ ಸಾಕು ಎಂದು ಹೆಚ್ಚಿನ ಲ್ಯಾಬ್‌ಗಳು ಪ್ರಿಂಟ್ ಹಾಕುತ್ತವೆ. ಈ ಗೆರೆಗಳನ್ನು ಹಾರ್ಮೋನ್ ತಜ್ಞರ ಸಂಘವಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ 2011ರಲ್ಲಿ ಹೇಳಿತ್ತು. 2024ರಲ್ಲಿ ಅದೇ ಸೊಸೈಟಿ ಆ ಗೆರೆಗಳನ್ನು ಕೈಬಿಟ್ಟಿದೆ. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ನೆ ಈ ಟೆಸ್ಟ್ ಮಾಡಿಸುವುದೂ ಬೇಡ ಎಂದಿದೆ. ಆದರೆ ಲ್ಯಾಬ್‌ಗಳ ಕಾಗದದಲ್ಲಿ ಹಳೆಯ ಗೆರೆಗಳು ಹಾಗೇ ಉಳಿದಿವೆ.

ನಮ್ಮ ಊರಿನಲ್ಲಿ ಇನ್ನೊಂದು ಗೊಂದಲ ಉಂಟು. ಗಲ್ಫಿನಿಂದ ರಜೆಗೆ ಬರುವವರು ಅಲ್ಲಿಯ ರಿಪೋರ್ಟ್ ತರುತ್ತಾರೆ. ಅದರಲ್ಲಿ ಎಷ್ಟೋ ಸಲ ಒಂದು ಲೀಟರಿಗೆ ಇಷ್ಟು ನ್ಯಾನೋಮೋಲ್ ಅನ್ನುವ ಬೇರೆ ಅಳತೆಯ ಲೆಕ್ಕ ಇರುತ್ತದೆ. ದುಬೈನಲ್ಲಿ 45 ಇತ್ತು, ಇಲ್ಲಿ ಬಂದು ಮಾಡಿಸಿದರೆ 18, ಒಂದು ತಿಂಗಳಲ್ಲಿ ಇಷ್ಟು ಇಳಿಯಿತಾ ಅಂತ ಗಾಬರಿಯಾಗುತ್ತಾರೆ. ಏನೂ ಇಳಿದಿಲ್ಲ. ಅಲ್ಲಿಯ ನಂಬರನ್ನು ಎರಡೂವರೆಯಿಂದ ಭಾಗಿಸಿದರೆ ಇಲ್ಲಿಯ ನಂಬರು ಬರುತ್ತದೆ. 45 ಅಂದರೂ 18 ಅಂದರೂ ಒಂದೇ.

ಇಷ್ಟು ಬಿಸಿಲಿರುವ ಕರಾವಳಿಯಲ್ಲಿ ಯಾಕೆ ಕಡಿಮೆ ಬರುತ್ತದೆ ಎಂದರೆ, ನನ್ನ ತಂಗಿಯ ದಿನಚರಿ ನೋಡಿದರೆ ಸಾಕು. ಅವಳು ಸುರತ್ಕಲ್‌ನಲ್ಲಿ ಇರುವುದು, ಕೆಲಸ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹತ್ತಿದರೆ ಅಂಗಡಿಯ ಎಸಿ ಒಳಗೆ ರಾತ್ರಿಯವರೆಗೆ. ಬಸ್ಸಿನ ಗಾಜಿನಿಂದ ಬಿಸಿಲು ಬೀಳುತ್ತದೆ, ಸೆಕೆಯೂ ಆಗುತ್ತದೆ. ಆದರೆ ವಿಟಮಿನ್ ಡಿ ಮಾಡುವ ಯುವಿಬಿ ಕಿರಣ ಗಾಜು ದಾಟುವುದಿಲ್ಲ. ಎಳೆ ಬಿಸಿಲು ಒಳ್ಳೆಯದು ಅಂತ ಹಿರಿಯರು ಹೇಳುತ್ತಾರೆ, ಹಿತವಾಗಿರುವುದು ನಿಜ. ಆದರೆ ಬೆಳಿಗ್ಗೆ ಏಳು ಗಂಟೆಯ ಬಿಸಿಲಲ್ಲಿ ಆ ಕಿರಣ ಇಲ್ಲದಷ್ಟೇ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲೇ ಬೇಕು. ಅಂದರೆ ಹತ್ತರಿಂದ ಮೂರರ ಒಳಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಸೆಕೆಯಲ್ಲಿ ಯಾರು ಹೋಗಿ ಅಂಗಳದಲ್ಲಿ ನಿಲ್ಲುತ್ತಾರೆ? ಮನೆಯಲ್ಲೇ ಕೂತು ಬೀಡಿ ಕಟ್ಟುವವರ ಕಥೆಯೂ ಇದೇ. ದಿನವಿಡೀ ಚಾವಡಿಯ ನೆರಳಲ್ಲಿ ಸೂಪು (ಬೀಡಿ ಎಲೆಯ ಮೊರ) ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ.

ಆಮೇಲೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನ ಮುಖ ಕಾಣುವುದೇ ಅಪರೂಪ. ಮೀನಿನಲ್ಲಿ ಸಿಗುತ್ತದಲ್ಲ ಅನ್ನಬಹುದು. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನಿನಲ್ಲಿ ವಿಟಮಿನ್ ಡಿ ಇರುವುದು ಹೌದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮಲ್ಪೆಯಲ್ಲೂ ಇಲ್ಲಿ ಬಂದರಿನಲ್ಲೂ ಬೋಟುಗಳು ದಡದಲ್ಲಿ. ಆಟಿ ತಿಂಗಳಲ್ಲಿ ಬಿಸಿಲೂ ಇಲ್ಲ, ತಾಜಾ ಮೀನೂ ದುಬಾರಿ. ಸಸ್ಯಾಹಾರಿಗಳಿಗಂತೂ ಫೋರ್ಟಿಫೈಡ್ ಅಂತ ಬರೆದ ಹಾಲು ಬಿಟ್ಟರೆ ಹೆಚ್ಚೇನೂ ಇಲ್ಲ. ಕಡಿಮೆ ಬಂದರೆ ಅದು ಆ ಹುಡುಗಿಯ ಸೋಮಾರಿತನ ಅಲ್ಲ ಅಂತ ಹೇಳುವುದಕ್ಕೆ ಇಷ್ಟೆಲ್ಲ ಬರೆದೆ.

ಇನ್ನು ಮುಖ್ಯ ವಿಷಯ. ಮಗು ಆಗುವುದಕ್ಕೂ ವಿಟಮಿನ್ ಡಿಗೂ ಸಂಬಂಧ ಉಂಟಾ?

ಉಂಟು ಅಂತ ಅನ್ನಿಸಲು ಕಾರಣಗಳಿವೆ. ಅಂಡಾಶಯದಲ್ಲಿ, ಗರ್ಭಕೋಶದ ಒಳಪದರದಲ್ಲಿ, ಮಾಸಿನಲ್ಲಿ ವಿಟಮಿನ್ ಡಿಯನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಿವೆ. 2018ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 11 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಐವಿಎಫ್‌ನಂಥ ಚಿಕಿತ್ಸೆ ಪಡೆದ ಸುಮಾರು 2,700 ಹೆಂಗಸರು ಅದರಲ್ಲಿದ್ದರು. ಐವಿಎಫ್ ಅಂದರೆ ಮೊಟ್ಟೆ ಮತ್ತು ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸಿ, ಆಮೇಲೆ ಗರ್ಭಕೋಶದ ಒಳಗೆ ಇಡುವುದು. ವಿಟಮಿನ್ ಡಿ ಸಾಕಷ್ಟು ಇದ್ದವರಲ್ಲಿ ಮಗು ಹುಟ್ಟುವ ಸಾಧ್ಯತೆ ಜಾಸ್ತಿ ಕಂಡಿತು. ಈ ಸುದ್ದಿ ಎಲ್ಲ ಕಡೆ ಓಡಾಡಿತು. ಹಾಗಂತ ಈಗಲೇ ಮೆಡಿಕಲ್ ಶಾಪಿಗೆ ಓಡಬೇಡಿ ಅಂತ ಆ ಸಂಶೋಧಕರೇ ಹೇಳಿದ್ದು ಮಾತ್ರ ಅಷ್ಟು ದೂರ ಹೋಗಲಿಲ್ಲ.

ಅವರು ಹಾಗೆ ಹೇಳಲು ಕಾರಣ ಇದೆ. ಛತ್ರಿ ಹಿಡಿದವರು ಜಾಸ್ತಿ ಕಂಡ ದಿನ ಮಳೆ ಬರುತ್ತದೆ, ಆದರೆ ಛತ್ರಿಯಿಂದ ಮಳೆ ಬಂತು ಅನ್ನುತ್ತೇವಾ? ಮೈತೂಕ ಜಾಸ್ತಿ ಇದ್ದವರಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಸಾಮಾನ್ಯ. ತೂಕ ಜಾಸ್ತಿ ಇದ್ದರೆ ಐವಿಎಫ್ ಫಲಿಸುವುದೂ ಸ್ವಲ್ಪ ಕಷ್ಟ. ಎರಡೂ ಒಟ್ಟಿಗೆ ಕಂಡರೆ ವಿಟಮಿನ್ ಡಿಯೇ ಕಾರಣ ಅನ್ನಲು ಬರುವುದಿಲ್ಲ. ಖಚಿತವಾಗಬೇಕಾದರೆ ಅರ್ಧ ಜನರಿಗೆ ವಿಟಮಿನ್ ಕೊಟ್ಟು, ಅರ್ಧ ಜನರಿಗೆ ಏನೂ ಇಲ್ಲದ ದ್ರವ ಕೊಟ್ಟು, ಯಾರಿಗೆ ಯಾವುದು ಅಂತ ತಿಳಿಸದೆ ನೋಡಬೇಕು.

ಇಟಲಿಯಲ್ಲಿ ಅದನ್ನೇ ಮಾಡಿದರು. ಫಲಿತಾಂಶ ಬಂದದ್ದು 2021ರಲ್ಲಿ. ವಿಟಮಿನ್ ಡಿ 30ಕ್ಕಿಂತ ಕಡಿಮೆ ಇದ್ದ, ಮೈತೂಕ ಸರಿಯಾಗಿದ್ದ 630 ಹೆಂಗಸರು. ಐವಿಎಫ್‌ಗೆ ಮೊದಲು ಕೆಲವರಿಗೆ ಒಂದೇ ಸಲಕ್ಕೆ 6 ಲಕ್ಷ ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಬರೀ ಹುಸಿ ಔಷಧಿ. ಗರ್ಭ ನಿಂತದ್ದು ವಿಟಮಿನ್ ಪಡೆದವರಲ್ಲಿ ನೂರಕ್ಕೆ 37 ಜನರಿಗೆ, ಪಡೆಯದವರಲ್ಲಿ 40 ಜನರಿಗೆ. ಅಂದರೆ ವಿಟಮಿನ್ ಕೊಟ್ಟದ್ದರಿಂದ ಏನೂ ಲಾಭ ಕಾಣಲಿಲ್ಲ. ಈ ಎರಡು ನಂಬರುಗಳನ್ನು ಆ ಅತ್ತೆಯ ಎದುರು ಇಡಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಹಾಗಾದರೆ ವಿಟಮಿನ್ ಡಿ ಬೇಡವಾ? ಬೇಕು. ಡಾಕ್ಟರ್ ಬರೆದುಕೊಟ್ಟರೆ ಖಂಡಿತ ತೆಗೆದುಕೊಳ್ಳಿ. ಎಲುಬಿಗೆ ಬೇಕು, ಮಾಂಸಖಂಡಕ್ಕೆ ಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ವಿಟಮಿನ್ ಡಿ ಬರುವುದು ತಾಯಿಯ ರಕ್ತದಿಂದಲೇ. ಟೆಸ್ಟ್ ಕಡಿಮೆ ಮಾಡಿ ಎಂದ ಆ 2024ರ ಸಲಹೆಯಲ್ಲೇ ಗರ್ಭಿಣಿಯರಿಗೆ ವಿಟಮಿನ್ ಡಿ ಕೊಡುವುದು ಒಳ್ಳೆಯದು ಅಂತಲೂ ಇದೆ. ಅದರ ಜೊತೆ ಫೋಲಿಕ್ ಆಸಿಡ್ ಮಾತ್ರೆ ಮರೆಯಬೇಡಿ. ಅದು ಮಗುವಿನ ಬೆನ್ನುಹುರಿಯ ದೋಷ ತಡೆಯುತ್ತದೆ ಎನ್ನುವುದು 1991ರಲ್ಲೇ ದೊಡ್ಡ ಪ್ರಯೋಗದಲ್ಲಿ ಸಾಬೀತಾಗಿದೆ. ಗರ್ಭ ನಿಲ್ಲುವುದಕ್ಕೆ ಮೊದಲೇ ಶುರು ಮಾಡಬೇಕು. ಆದರೆ ನಮ್ಮಲ್ಲಿ ಫೋಲಿಕ್ ಆಸಿಡ್ ಬಗ್ಗೆ ಯಾರೂ ಅಷ್ಟು ತಲೆಕೆಡಿಸಿಕೊಳ್ಳುವುದು ಕಾಣೆ.

ನನಗೆ ಸಿಟ್ಟು ಬರುವುದು ಕಾಯಿಸುವುದರ ಬಗ್ಗೆ. ತಂಗಿಗೆ 37 ವರ್ಷ. ಎಎಂಎಚ್ ಕಡಿಮೆ, ಅಂದರೆ ಮೊಟ್ಟೆಗಳ ದಾಸ್ತಾನು ಕಡಿಮೆ. ಅವಳು ಮೊದಲು ಹೋದ ಕಡೆ ವಿಟಮಿನ್ ಡಿ 14 ನೋಡಿ, "30 ದಾಟಿಸಿಕೊಂಡು ಬನ್ನಿ, ಆಮೇಲೆ ಸೈಕಲ್ ಶುರು ಮಾಡುವ" ಅಂದರು. ಸೈಕಲ್ ಅಂದರೆ ಐವಿಎಫ್ ಚಿಕಿತ್ಸೆಯ ಒಂದು ಸುತ್ತು. ಅವಳು ವಿಟಮಿನ್ ಡಿ ಪೌಡರ್ ಕುಡಿದಳು, ಮತ್ತೆ ಟೆಸ್ಟ್ ಮಾಡಿದಳು, 26 ಬಂತು. ಮತ್ತೆ ಕಾಯಿರಿ ಅಂದರು. ಮನೆಯಲ್ಲಿ ಅವಳು ಊಟ ಸೇರದೆ ಕೂತಿರುತ್ತಿದ್ದಳು. "ಅಕ್ಕ, ಬಿಸಿಲಲ್ಲಿ ನಿಲ್ಲುವುದಕ್ಕೂ ನನಗೆ ಬರುದಿಲ್ವಾ?" ಅಂತ ಕೇಳಿದಳು. 26ರಲ್ಲಿ ನಿಲ್ಲದ ಗರ್ಭ 30ರಲ್ಲಿ ನಿಲ್ಲುತ್ತದೆ ಅಂತ ತೋರಿಸಿದವರು ಯಾರೂ ಇಲ್ಲ. ಪ್ರಾಯ ಏರಿದ ಹಾಗೆ ಐವಿಎಫ್ ಫಲಿಸುವುದು ಕಡಿಮೆಯಾಗುತ್ತದೆ ಎನ್ನುವುದು ಮಾತ್ರ ಎಲ್ಲ ದೇಶಗಳ ಲೆಕ್ಕದಲ್ಲೂ ಕಂಡ ಸತ್ಯ. ಮೂವತ್ತೈದು ದಾಟಿದವರಿಗೆ ತಿಂಗಳುಗಳು ತುಂಬಾ ಬೆಲೆಯವು.

ಕೊನೆಗೆ ನಾವು ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಫೈಲ್ ತಿರುಗಿಸಿ ನೋಡಿ, "ಪೌಡರ್ ಮುಂದುವರಿಸಿ ಅಮ್ಮ, ಸೈಕಲನ್ನೂ ಈ ತಿಂಗಳೇ ಶುರು ಮಾಡುವ. ಎರಡೂ ಒಟ್ಟಿಗೆ ಹೋಗ್ಲಿ, ಪ್ರಾಯ ಕಾಯುದಿಲ್ಲ" ಅಂದರು. ನನಗೆ ಅಲ್ಲೇ ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು. ಮುಂದೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳ ಸುದ್ದಿ, ಅವಳಿಗೆ ಹೇಳಬೇಕು ಅನಿಸಿದಾಗ ಅವಳೇ ಹೇಳುತ್ತಾಳೆ. ನಿಮಗೂ ಯಾರಾದರೂ ಈ ನಂಬರಿಗಾಗಿ ಕಾಯಲು ಹೇಳಿದರೆ, ಯಾಕೆ ಅಂತ ಧೈರ್ಯವಾಗಿ ಕೇಳಿ. ಬೇರೆ ಕಾರಣ ಇರಬಹುದು, ಥೈರಾಯ್ಡ್ ಅಥವಾ ಶುಗರ್ ಸರಿ ಮಾಡಲು ಇರಬಹುದು. ಅದು ನ್ಯಾಯವಾದ ಕಾರಣ.

ಪೌಡರ್ ಬಗ್ಗೆ ಒಂದು ಎಚ್ಚರಿಕೆ. 60,000 ಯೂನಿಟ್‌ನ ಸ್ಯಾಚೆಟ್ ವಾರಕ್ಕೆ ಒಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ದಿನಕ್ಕೆ ಬೇಕಾದದ್ದು 600 ಯೂನಿಟ್. ಅಂದರೆ ಒಂದು ಸ್ಯಾಚೆಟ್‌ನಲ್ಲಿ ನೂರು ದಿನದ್ದು ಇದೆ. ಬೇಗ ಏರಲಿ ಅಂತ ಅದನ್ನು ದಿನಾ ಕುಡಿದ ಒಬ್ಬರು ನಮ್ಮಲ್ಲಿಗೆ ಬಂದಿದ್ದರು. ವಾಂತಿ, ಬಾಯಾರಿಕೆ, ಮಲಬದ್ಧತೆ. ಕ್ಯಾಲ್ಸಿಯಂ ಮಾಡಿದಾಗ ಮಿತಿಗಿಂತ ಎಷ್ಟೋ ಮೇಲೆ ಇತ್ತು. ನಾನು ರಿಪೋರ್ಟ್ ಪ್ರಿಂಟ್ ಮಾಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿದೆ. ಕಿಡ್ನಿಗೆ ಪೆಟ್ಟು ಬೀಳುವ ವಿಷಯ ಇದು. ಕೊಬ್ಬಿನಲ್ಲಿ ಕರಗುವ ವಿಟಮಿನ್, ಜಾಸ್ತಿಯಾದದ್ದು ಸುಲಭದಲ್ಲಿ ಹೊರಗೆ ಹೋಗುವುದಿಲ್ಲ. ಅದೇ ಕಾರಣಕ್ಕೆ ಹಾಲಿನ ಜೊತೆ, ಇಲ್ಲವೇ ಊಟದ ನಂತರ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ.

ಟೆಸ್ಟಿಗೆ ಬರುವಾಗ ಹಳೆಯ ರಿಪೋರ್ಟ್ ತನ್ನಿ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಕೆಲವು ಮೆಷಿನ್‌ಗಳಲ್ಲಿ ಅದು ವಿಟಮಿನ್ ಡಿ, ಥೈರಾಯ್ಡ್ ನಂಬರುಗಳನ್ನೇ ತಪ್ಪಾಗಿ ತೋರಿಸುವಂತೆ ಮಾಡುತ್ತದೆ.

ಮತ್ತೆ, ಗಂಡನನ್ನೂ ಕರೆದುಕೊಂಡು ಬನ್ನಿ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹೆಂಡತಿಯ ಕೈಯಲ್ಲಿ ರಕ್ತ ತೆಗೆದ ಗುರುತು ಸಾಲಾಗಿ ಇರುತ್ತದೆ, ಗಂಡನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿರುವುದಿಲ್ಲ. ಅದಕ್ಕೆ ಸೂಜಿ ಬೇಡ. ಎರಡರಿಂದ ಏಳು ದಿನ ಸಂಪರ್ಕ ಇಲ್ಲದೆ ಇರಬೇಕು, ಸ್ಯಾಂಪಲ್ ಒಂದು ಗಂಟೆಯ ಒಳಗೆ ಲ್ಯಾಬಿಗೆ ತಲುಪಬೇಕು, ಅಷ್ಟೇ. ನಾಚಿಕೆ ಆಗುತ್ತದೆ ಅಂದರೆ ಬೆಳಿಗ್ಗೆ ಬೇಗ ಬರಲಿ, ಆಗ ಜನ ಕಡಿಮೆ.