ಹಾಲಿವುಡ್ಡಿನ ಸ್ಮಶಾನದಲ್ಲಿ ಒಂದು ಮಧ್ಯಾಹ್ನ

"ಡಿಸ್ನಿಲ್ಯಾಂಡ್ ಬಿಟ್ಟು ಸ್ಮಶಾನ ನೋಡ್ತೀಯೇನೋ?" ಅಂತ ಭಾವ ನಕ್ಕರು. ಆದರೂ ಕಾರು ತೆಗೆದರು.

ಲಾಸ್ ಏಂಜಲೀಸಿನ ಸಾಂತಾ ಮೋನಿಕಾ ಬುಲವಾರ್ಡಿನಲ್ಲಿದೆ ಹಾಲಿವುಡ್ ಫಾರೆವರ್ ಸ್ಮಶಾನ. ಅದರ ಬೆನ್ನಿಗೇ ಪ್ಯಾರಾಮೌಂಟ್ ಸ್ಟುಡಿಯೋ. ಒಳಗೆ ಹುಲ್ಲು, ತಾಳೆ ಜಾತಿಯ ಮರಗಳು, ಕೊಳ. ಸಮಾಧಿಗಳ ನಡುವೆ ನವಿಲುಗಳು ಊರ ಕೋಳಿಗಳ ಹಾಗೆ ಅಡ್ಡಾಡುತ್ತವೆ.

ನಾನು ಬಂದದ್ದು ಇಲ್ಲಿ ಮಲಗಿರುವ ಸಂಗೀತ ಸಂಯೋಜಕ ಎರಿಕ್ ವುಲ್ಫ್‌ಗ್ಯಾಂಗ್ ಕೋರ್ನ್‌ಗೋಲ್ಡ್ ಅವರಿಗಾಗಿ. ಹುಟ್ಟಿದ್ದು 1897ರಲ್ಲಿ, ಈಗಿನ ಚೆಕ್ ದೇಶದ ಬ್ರನೋದಲ್ಲಿ. 13ನೇ ವಯಸ್ಸಿಗೇ ಅವರ ಬ್ಯಾಲೆ ಸಂಗೀತ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಆಸ್ಥಾನ ಒಪೆರಾದಲ್ಲಿ ನುಡಿದಿತ್ತು. 1934ರಲ್ಲಿ ನಾಟಕ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಒಂದು ಸಿನಿಮಾ ಕೆಲಸಕ್ಕೆ ಹಾಲಿವುಡ್ಡಿಗೆ ಕರೆಸಿಕೊಂಡರು. ಆಮೇಲೆ ಕೆಲವು ವರ್ಷ ಎರಡೂ ಕಡೆ ಓಡಾಟ.

1938ರ ಜನವರಿ. ವಿಯೆನ್ನಾದಲ್ಲಿದ್ದ ಅವರಿಗೆ ಹಾಲಿವುಡ್ಡಿನ ವಾರ್ನರ್ ಬ್ರದರ್ಸ್ ಸ್ಟುಡಿಯೋದಿಂದ ತಂತಿ ಬಂತು: ರಾಬಿನ್ ಹುಡ್ ಸಿನಿಮಾಕ್ಕೆ ಸಂಗೀತ ಬೇಕು. ಹೋದರು, ನೋಡಿದರು, 'ಹೊಡೆದಾಟದ ಸಿನಿಮಾ ನನಗಾಗದು' ಎಂದುಬಿಟ್ಟರು. ಅಷ್ಟರಲ್ಲಿ ಆಸ್ಟ್ರಿಯಾದಿಂದ ಕೆಟ್ಟ ಸುದ್ದಿ. ಒಪ್ಪಿಕೊಂಡರು. ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ವಿಯೆನ್ನಾಕ್ಕೆ ನುಗ್ಗಿತು. ಯಹೂದಿಯಾದ ಅವರ ಅಲ್ಲಿನ ಮನೆಯೂ ಹೋಯಿತು. ಬೇಡ ಎಂದಿದ್ದ ಸಿನಿಮಾ ಜೀವ ಉಳಿಸಿತು, ಆಸ್ಕರನ್ನೂ ತಂದಿತು.

ಅವರ ಸಮಾಧಿ ಕಲ್ಲಿನ ಹತ್ತಿರ ಕೂತು ಇಯರ್‌ಫೋನ್‌ನಲ್ಲಿ ಅವರ ಪಿಟೀಲು ಕನ್ಚರ್ಟೊ (ವಾದ್ಯವೃಂದದ ಜೊತೆ ಒಂಟಿ ಪಿಟೀಲು ನುಡಿಸುವ ಕೃತಿ) ಹಾಕಿಕೊಂಡೆ. ಹಿಟ್ಲರ್ ಇರುವವರೆಗೆ ವೇದಿಕೆ ಸಂಗೀತ ಬರೆಯುವುದಿಲ್ಲ ಅಂತ ಹಟ ಹಿಡಿದಿದ್ದವರು 1945ರಲ್ಲಿ ಬರೆದದ್ದು ಇದು. ಸಿನಿಮಾಗಳಿಗೆ ಮಾಡಿದ್ದ ರಾಗಗಳನ್ನೇ ಇದರಲ್ಲಿ ಹೊಸೆದಿದ್ದಾರೆ. ನ್ಯೂಯಾರ್ಕಿನ ವಿಮರ್ಶಕರೊಬ್ಬರು ಅವರ ಹೆಸರನ್ನೇ ಒಡೆದು, ಇದರಲ್ಲಿ 'ಗೋಲ್ಡ್'ಗಿಂತ 'ಕಾರ್ನ್' ಜಾಸ್ತಿ ಅಂತ ಚುಚ್ಚಿದರು. ಚಿನ್ನ ಕಮ್ಮಿ, ಜೋಳ ಜಾಸ್ತಿ! ಇಂಗ್ಲಿಷಿನಲ್ಲಿ 'ಕಾರ್ನ್' ಅಂದರೆ ಅಗ್ಗದ ಭಾವುಕತೆ ಅಂತಲೂ ಅರ್ಥ. ಜೋಳದ ರೊಟ್ಟಿ ತಿನ್ನುವ ನಮಗೆ ಅದು ಬೈಗುಳವೇ ಅಲ್ಲ, ಅಲ್ವಾ?

1949ರಲ್ಲಿ ವಿಯೆನ್ನಾಕ್ಕೆ ಮರಳಿದಾಗ ಅಲ್ಲಿಯೂ ಯಾರೂ ಅಪ್ಪಿಕೊಳ್ಳಲಿಲ್ಲ. ಅಲ್ಲಿನವರ ಕಣ್ಣಿಗೆ ಕೋರ್ನ್‌ಗೋಲ್ಡ್ ಹಳೇಕಾಲದವರು, ಮೇಲಿಂದ ಸಿನಿಮಾದವರು. 1957ರಲ್ಲಿ ಲಾಸ್ ಏಂಜಲೀಸಿನಲ್ಲೇ ತೀರಿಕೊಂಡರು. ಕನ್ಚರ್ಟೊದ ಎರಡನೇ ಭಾಗದ ಮೆಲ್ಲನೆಯ ಪಿಟೀಲಿಗೆ ನನಗೆ ಗಂಟಲು ಕಟ್ಟಿತು. ಅದೇ ಹೊತ್ತಿಗೆ ನವಿಲೊಂದು ಕರ್ಕಶವಾಗಿ ಕೂಗಿತು.

ವಾಪಸ್ಸು ಬರುವಾಗ ಕಾರಿನಲ್ಲಿ ರಾಬಿನ್ ಹುಡ್ ಸಂಗೀತ ಹಾಕಿದೆ. ಭಾವ ಸ್ವಲ್ಪ ಹೊತ್ತು ಸುಮ್ನೆ ಕೇಳಿದರು. "ಏನೋ ಇದು, ನಮ್ಮ ರಾಜ್‌ಕುಮಾರ್ ಸಿನಿಮಾದ ಕತ್ತಿವರಸೆ ಇದ್ದ ಹಾಗಿದೆ!" ಅಂತ ತಾವೇ ಸೌಂಡ್ ಜಾಸ್ತಿ ಮಾಡಿದರು.