ಅಡಿಕೆ ತೋಟದ ನೀರಿನ ಟ್ಯಾಂಕರ್, ಪಿಕಪ್‌ನ ತಾಕತ್ತು

ಬೋರ್‌ವೆಲ್ ಬತ್ತಿದ ಬೇಸಿಗೆಯಲ್ಲಿ ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ಮರಗಳನ್ನು ಉಳಿಸುವುದು ಟ್ಯಾಂಕರ್ ನೀರು. ಟ್ರ್ಯಾಕ್ಟರ್ ಸಿಗದಿದ್ದರೆ ಪಿಕಪ್‌ಗೇ ಎರಡು ಚಕ್ರದ ಟ್ಯಾಂಕರ್ ಸಿಕ್ಕಿಸಿಕೊಂಡು ಹೊರಡುತ್ತಾರೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಅಂಥದೊಂದು ಜೋಡಿಯನ್ನು ಚಿತ್ರದುರ್ಗದ ವೇ ಬ್ರಿಡ್ಜ್‌ನಲ್ಲಿ ತೂಗಿಸಿದೆವು. "ಆರಾಮಾಗಿ ಎಳೀತೈತೆ ಅಣ್ಣ, ಏರಲ್ಲೂ ನಿಲ್ಲಲ್ಲ" ಅಂದ ಡ್ರೈವರ್. ಎಂಜಿನ್ ಎಳೆಯುತ್ತದೆ, ನಿಜ. ಇಳಿಜಾರಿನಲ್ಲಿ ಅದನ್ನು ತಡೆದು ನಿಲ್ಲಿಸಬೇಕಾದದ್ದು ಬ್ರೇಕು.

ಮೊದಲು ಪಿಕಪ್ ಒಂದನ್ನೇ ತೂಗಿದೆವು. ಫುಲ್ ಡೀಸೆಲ್, ಇಬ್ಬರು ಆಳು, ಪಂಪು, ಪೈಪು ಎಲ್ಲ ಸೇರಿ 1,880 ಕೆ.ಜಿ. ಆರ್‌ಸಿಯಲ್ಲಿದ್ದ ಖಾಲಿ ತೂಕ 1,700. ಈ 180 ಕೆ.ಜಿ.ಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ತುಂಬಿದ ಟ್ಯಾಂಕರ್ ಜೋಡಿಸಿ, ಪಿಕಪ್ ಮಾತ್ರ ಮೇಲಿದ್ದು ಟ್ಯಾಂಕರ್‌ನ ಚಕ್ರ ಹೊರಗೇ ಉಳಿಯುವಂತೆ ನಿಲ್ಲಿಸಿದಾಗ 2,010. ಪೂರ್ತಿ ಹತ್ತಿಸಿದಾಗ 4,480. ಕೈಪಿಡಿಯಲ್ಲಿ ಗಾಡಿ, ಟ್ರೇಲರ್ ಎರಡೂ ಸೇರಿದ ಮಿತಿ 4,000. ಅಂದರೆ 480 ಕೆ.ಜಿ. ಹೆಚ್ಚು.

ನನಗೆ ಹೆಚ್ಚು ಆತಂಕ ತಂದದ್ದು ನಡುವಿನ ಅಂಕಿ. 2,010ರಲ್ಲಿ 1,880 ಕಳೆದರೆ ಹುಕ್ ಮೇಲೆ ಬಿದ್ದ ಭಾರ ಬರೀ 130 ಕೆ.ಜಿ. 4,480ರಲ್ಲಿ 1,880 ಕಳೆದರೆ ಟ್ಯಾಂಕರ್ ತೂಕ 2,600, ಅದರ ಶೇ. 10ರಿಂದ 15, ಅಂದರೆ 260ರಿಂದ 390 ಕೆ.ಜಿ. ಹುಕ್ ಮೇಲೆ ಕೂರಬೇಕು. ಕಡಿಮೆಯಾದರೆ ವೇಗ ಏರಿದಂತೆ ಟ್ರೇಲರ್ ಬಾಲ ಬೀಸಲು ಶುರುಮಾಡಿ ಪಿಕಪ್‌ನ ಹಿಂಭಾಗವನ್ನೇ ಎಳೆದಾಡುತ್ತದೆ. ಅತಿಯಾದರೂ ಕಷ್ಟವೇ: ಹುಕ್ ಇರುವುದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಹಾಗಾಗಿ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಇಲ್ಲಿ ಟ್ಯಾಂಕನ್ನು ಚಾಸಿಯ ಮೇಲೆ ತೀರಾ ಹಿಂದಕ್ಕೆ ಕೂರಿಸಿದ್ದರು. ಮುಂದಕ್ಕೆ ಸರಿಸಿ ಬೋಲ್ಟ್ ಹಾಕಿ ಮತ್ತೆ ತೂಗುವುದೇ ದಾರಿ.

"ಹಂಗಾದ್ರೆ ಐನೂರು ಲೀಟರ್ ಕಡಿಮೆ ತುಂಬ್ತೀನಿ" ಅಂದ. ಲೀಟರ್‌ಗೆ ಒಂದು ಕೆ.ಜಿ., ತೂಕದ ಲೆಕ್ಕ ಸರಿಯೇ. ಆದರೆ 2,000 ಲೀಟರ್ ಟ್ಯಾಂಕಿನಲ್ಲಿ 1,500 ಇದ್ದರೆ ಬ್ರೇಕ್ ಒತ್ತಿದಾಗ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಒಳಗೆ ತೂತಿರುವ ಅಡ್ಡ ತಗಡು ಬೆಸೆಸಬೇಕು, ಇಲ್ಲವೇ 1,500 ಲೀಟರ್‌ನ ಟ್ಯಾಂಕನ್ನೇ ಕೂರಿಸಿ ಪೂರ್ತಿ ತುಂಬಬೇಕು. ಆಗಲೂ ಒಟ್ಟು 3,980ರ ಹತ್ತಿರ. ಹಿಂದೆ 45 ಕೆ.ಜಿ.ಯ ಒಂದು ಯೂರಿಯಾ ಚೀಲ ಹಾಕಿದರೆ ಮಿತಿ ದಾಟಿತು.

ಸ್ಪ್ರಿಂಗ್‌ಗೆ ಇನ್ನೊಂದು ಪ್ಲೇಟ್ ಹಾಕಿಸಿದರೆ ಸಾಕು ಅನ್ನುವವರಿದ್ದಾರೆ. ಅದರಿಂದ ಗಾಡಿ ಕುಸಿಯುವುದಷ್ಟೇ ತಪ್ಪುತ್ತದೆ. ಆಕ್ಸಲ್, ಬೇರಿಂಗ್, ಬ್ರೇಕು ಹಳೆಯವೇ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರಂತೂ ಇಡೀ ಭಾರ ಪಿಕಪ್ ಬ್ರೇಕಿನ ಮೇಲೇ. ಗಂಟೆಗೆ 60 ಬಿಟ್ಟು 40 ಕಿ.ಮೀ.ನಲ್ಲಿ ಹೋದರೆ ಅದು ತಡೆಯಬೇಕಾದ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನೇ ಬರೆಯದ ಗಾಡಿಗೆ ಮಾತ್ರ ದಯವಿಟ್ಟು ಹುಕ್ ಬೆಸೆಸಬೇಡಿ, ಟ್ರ್ಯಾಕ್ಟರ್ ಬರುವವರೆಗೆ ಕಾಯಿರಿ.